ಫ್ಯಾಕ್ಟರಿ ಅಂಗಳದ ವಿಮಾನ

ವಾಚನಾಲಯದ ಪುಸ್ತಕಕ್ಕ ನೀನೂ ಒಂದು ಬರಿ ಅಂತ ಮಾಸ್ತರರು ಅಂದಾಗ ನಾನು ನಕ್ಕೆ. ನಾನು ಬರೆಯುವವನಲ್ಲ, ಗಾಡಿ ಹೊಡೆಯುವವನು. ಮಿರಜ ಸ್ಟೇಶನ್ನಿನಿಂದ ದವಾಖಾನೆಗಳಿಗೆ, ಸಾಂಗಲಿಗೆ, ಜತ್ತಕ್ಕೆ ಮಂದಿಯನ್ನು ಮುಟ್ಟಿಸುವುದು ನನ್ನ ಕೆಲಸ. "ಬೆಂಗಳೂರಾಗ ಇಪ್ಪತ್ತು ವರ್ಷ ಇದ್ದೆಲ್ಲ, ಅದನ್ನ ಬರಿ" ಅಂದರು. ಅದಕ್ಕೇ ಇದು.

ಸಾಂಗಲಿಯ ವಿಶ್ರಾಮಬಾಗಕ್ಕೆ ಬಾಡಿಗೆ ಬಂದಾಗೆಲ್ಲ ವಾಲಚಂದ ಕಾಲೇಜಿನ ಗೇಟು ಕಾಣುತ್ತದೆ. ನಮ್ಮ ಕಡೆ ಹುಡುಗರಿಗೆ ಅಲ್ಲಿ ಸೀಟು ಸಿಕ್ಕರೆ ಊರಿಗೆಲ್ಲ ಪೇಢೆ ಹಂಚುತ್ತಾರೆ. ಆದರೆ ಆ ವಾಲಚಂದ ಯಾರು ಅಂತ ಕೇಳಿದರೆ ಗೊತ್ತಿರುವವರು ಕಡಿಮೆ. ನನಗೆ ಗೊತ್ತಾದದ್ದೂ ಸಾಂಗಲಿಯಲ್ಲಲ್ಲ, ಬೆಂಗಳೂರಿನ ವಿಮಾನಪುರದಲ್ಲಿ. ಹೇಳಿದವನು ನಮ್ಮ ಕಾಕಾ.

ಕಾಕಾ 1957ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಫ್ಯಾಕ್ಟರಿಗೆ ಫಿಟ್ಟರ್ ಆಗಿ ಸೇರಿದವನು. ವಿಮಾನ ಮಾಡಾಕ ಹೋದವನಿಗೆ ಮೊದಲು ಹಚ್ಚಿದ ಕೆಲಸ ರೇಲ್ವೆ ಡಬ್ಬಿ ಮಾಡುವುದು! ಯುದ್ಧ ಮುಗಿದ ಮೇಲೆ ವಿಮಾನದ ಕೆಲಸ ಕಡಿಮೆಯಾಗಿ ಆ ಫ್ಯಾಕ್ಟರಿ ಬಸ್ಸಿನ ಬಾಡಿ, ಉಕ್ಕಿನ ರೇಲ್ವೆ ಡಬ್ಬಿ ಎಲ್ಲ ಮಾಡುತ್ತಿತ್ತಂತೆ. "ಮಿರಜ ಬಿಟ್ಟು ಇಷ್ಟು ದೂರ ಬಂದರೂ ರೇಲ್ವೆ ನನ್ನ ಬಿಡಲಿಲ್ಲ" ಅಂತ ಕಾಕಾ ನಗುತ್ತಿದ್ದ. ಆಮೇಲೆ ವಿಮಾನದ ಕಡೆ ಹಾಕಿದರು. 1961ರ ಜೂನ್ 17ರಂದು ಮಾರುತ್ ಅನ್ನುವ ಫೈಟರ್ ವಿಮಾನ ಮೊದಲ ಸಲ ಹಾರಿದಾಗ ಕಾಕಾ ಕೆಲಸ ಬಿಟ್ಟು ಹೊರಗೆ ನಿಂತು ನೋಡಿದ್ದ. ಜರ್ಮನಿಯ ಕುರ್ಟ್ ಟ್ಯಾಂಕ್ ಬಂದು ಮಾಡಿಸಿದ ವಿಮಾನ ಅದು. ಆ ದಿನದ ಮಾತು ಬಂದರೆ ಕಾಕಾನ ಚಹಾ ಆರಿಹೋಗುತ್ತಿತ್ತು.

ವಾಲಚಂದ ಹಿರಾಚಂದ ಸೋಲಾಪುರದವರು. 1939ರಲ್ಲಿ ಅಮೆರಿಕೆಯಿಂದ ವಾಪಸು ಬರುವಾಗ ವಿಮಾನದಲ್ಲಿ ಅವರಿಗೆ ವಿಲಿಯಂ ಪಾಲಿ ಅನ್ನುವ ಅಮೆರಿಕದವನು ಸಿಕ್ಕ. ಅವನು ಚೀನಾದಲ್ಲಿ ವಿಮಾನದ ಕಾರಖಾನೆ ನಡೆಸುತ್ತಿದ್ದ. ಇಬ್ಬರ ಮಾತುಕತೆಯಿಂದ ಹುಟ್ಟಿದ್ದು ಬೆಂಗಳೂರಿನ ಫ್ಯಾಕ್ಟರಿ. ಮೈಸೂರು ಸರಕಾರ, ಮಿರ್ಜಾ ಇಸ್ಮಾಯಿಲ್ ದಿವಾನರಿದ್ದಾಗ, ಜಾಗ ಕೊಟ್ಟು ದುಡ್ಡೂ ಹಾಕಿತು. 1940ರ ಡಿಸೆಂಬರ್ 23ಕ್ಕೆ ಕಂಪನಿ ಶುರು. ಎರಡು ವರ್ಷ ತುಂಬುವುದರೊಳಗೆ ಜಪಾನಿನವರು ಬರ್ಮಾಕ್ಕೆ ಬಂದರು, ಬ್ರಿಟಿಷ್ ಸರಕಾರ 1942ರಲ್ಲಿ ವಾಲಚಂದರ ಪಾಲನ್ನು ಕೊಂಡು ಫ್ಯಾಕ್ಟರಿ ತನ್ನ ಕೈಗೆ ತೆಗೆದುಕೊಂಡಿತು. ಮರುವರ್ಷ ಅಮೆರಿಕದ ವಾಯುಸೇನೆ ಬಂದು ಅದನ್ನು ತನ್ನ ರಿಪೇರಿ ಡಿಪೋ ಮಾಡಿಕೊಂಡಿತು. ವಾಲಚಂದರು 1953ರಲ್ಲಿ ತೀರಿಕೊಂಡರು. ಸಾಂಗಲಿಯ ಕಾಲೇಜಿಗೆ 1955ರಲ್ಲಿ ಅವರ ಹೆಸರು ಬಂತು. ಬೆಂಗಳೂರಿನಲ್ಲಿ ಕಟ್ಟಿದ್ದು ಕೈಬಿಟ್ಟಿತು, ಹೆಸರು ಮಾತ್ರ ನಮ್ಮ ಕೃಷ್ಣೆ ದಂಡಿಗೆ ಬಂದು ನಿಂತಿತು.

ನಾನು ಬೆಂಗಳೂರಿಗೆ ಹೋದದ್ದು 1988ರಲ್ಲಿ. ಬಾರಾವಿಯಲ್ಲಿ ನಾಪಾಸಾಗಿದ್ದೆ. ಮನೆಯಲ್ಲಿ ಅಪ್ಪ ಮಾತಾಡುವುದು ಬಿಟ್ಟಿದ್ದ. ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಮಿರಜಿನಿಂದ ಆಗ ಸಣ್ಣ ಗೇಜಿನ ಗಾಡಿ. ಕಾಕಾನ ಮನೆ ಮುರುಗೇಶಪಾಳ್ಯದಲ್ಲಿ, ಧಾವಪಟ್ಟಿಗೆ ಹತ್ತಿರ. ಮೊದಲ ದಿನ ವಿಮಾನ ಇಳಿಯುವಾಗ ನಾನು ತಲೆ ತಗ್ಗಿಸಿದೆ, ಕಾಕಾನ ಮಕ್ಕಳು ಬಿದ್ದು ಬಿದ್ದು ನಕ್ಕವು. ಮುಂದೆ ಅವ್ವ ಬಂದಾಗ ಆಕೆಯೂ ಹಂಗೇ ತಲೆ ತಗ್ಗಿಸಿದಳು. ಆಗ ನಾನು ನಗಲಿಲ್ಲ.

ಹೋದ ಹೊಸದರಲ್ಲಿ ಒಂದು ಗ್ಯಾರೇಜಿನಲ್ಲಿ ಕೈಕೆಲಸ. 1990ರ ಫೆಬ್ರುವರಿ 14, ಮಧ್ಯಾಹ್ನ ಒಂದರ ಸುಮಾರು, ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಮುಂಬೈಯಿಂದ ಬಂದ ವಿಮಾನ ಧಾವಪಟ್ಟಿ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. ನಮಗೆ ಕಂಡದ್ದು ಹೊಗೆ. 146 ಮಂದಿಯಲ್ಲಿ 92 ಮಂದಿ ಸತ್ತರು. ಓಡಿ ಹೋದವರಲ್ಲಿ ನಾನೂ ಒಬ್ಬ, ಆದರೆ ಹತ್ತಿರ ಬಿಡಲಿಲ್ಲ. ಬಿಡದಿದ್ದದ್ದೇ ಪುಣ್ಯ. ಆ ಡಬ್ಬಿ ಮತ್ತೆ ಬಿಚ್ಚಲಿಲ್ಲ ಅನ್ನುವುದಷ್ಟೇ ನೆನಪು.

1992ರಿಂದ ಏರ್‌ಪೋರ್ಟಿನ ಟ್ಯಾಕ್ಸಿ. ಮೊದಲು ಮಾಲೀಕರ ಗಾಡಿ, ಆಮೇಲೆ ಸ್ವಂತದ್ದು. ಗಾಡಿಯಲ್ಲಿ ಕೂತವರಿಗೆ ನನ್ನ ಕನ್ನಡ ಕೇಳಿ ಸಂಶಯ. "ನೀವು ಹುಬ್ಳಿಯವ್ರಾ?" ಅನ್ನುವರು. ಮಹಾರಾಷ್ಟ್ರ ಅಂದರೆ ನಂಬುತ್ತಿರಲಿಲ್ಲ. ಸಲಗರೆ, ಆರಗದ ಕಡೆ ಮನೆಮನೆಯಲ್ಲಿ ಕನ್ನಡ ಮಾತಾಡ್ತಾರ್ರೀ ಅಂತ ಎಷ್ಟು ಮಂದಿಗೆ ಹೇಳಿದೆನೋ!

ಒಂದು ವಿಷಯ ಅಲ್ಲಿ ಇಳಿಯುವ ಮಂದಿಗೆ ಗೊತ್ತೇ ಇರುತ್ತಿರಲಿಲ್ಲ. ಆ ಧಾವಪಟ್ಟಿ ಪ್ಯಾಸೆಂಜರಿಗಾಗಿ ಮಾಡಿದ್ದಲ್ಲ. ರಕ್ಷಣಾ ಇಲಾಖೆಯ ಫ್ಯಾಕ್ಟರಿ ತಾನು ಮಾಡಿದ ವಿಮಾನ ಹಾರಿಸಿ ನೋಡಲಿಕ್ಕೆ ಮಾಡಿಕೊಂಡದ್ದು. 2001ರ ಜನವರಿ 4ಕ್ಕೆ ತೇಜಸ್ ಮೊದಲ ಸಲ ಹಾರಿದ್ದೂ ಅಲ್ಲಿಂದಲೇ. ಒಂದು ಕಡೆ ದುಬೈಗೆ ಹೋಗುವವರ ಸೂಟ್‌ಕೇಸ್, ಇನ್ನೊಂದು ಕಡೆ ಯುದ್ಧದ ವಿಮಾನ. ಐ.ಟಿ. ಕಂಪನಿಗಳು ಬಂದ ಮೇಲೆ ನಿಲ್ಲಲಿಕ್ಕೆ ಜಾಗ ಇಲ್ಲದಷ್ಟು ಮಂದಿ; ಕಡೆಕಡೆಗೆ ವರ್ಷಕ್ಕೆ 1 ಕೋಟಿ. ಆ ಸಣ್ಣ ಕಟ್ಟಡದಲ್ಲಿ! ನಮಗೋ ಸುಗ್ಗಿ.

ರಿಟೈರ್ ಆಗಿದ್ದ ಕಾಕಾ ಸಂಜೆ ಕಟ್ಟೆಯ ಮೇಲೆ ಕೂತು ನನಗೆ ಹೇಳುತ್ತಿದ್ದ: "ತಮ್ಮಾ, ಇದು ಏರ್‌ಪೋರ್ಟ್ ಅಲ್ಲೋ, ಫ್ಯಾಕ್ಟರಿ ಅಂಗಳ. ಲಗ್ನಕ್ಕ ಜಾಗಾ ಕೊಟ್ಟಂಗ ಕೊಟ್ಟಾರ. ಮಾಂಡವ ಬಿಚ್ಚೋ ದಿನಾ ಬರತೈತಿ. ದೇವನಹಳ್ಳಿ ಕಡೆ ಒಂದು ಗುರುತು ಪರಿಚಯ ಮಾಡ್ಕೊ."

ನಾನು ಕೇಳಲಿಲ್ಲ. ಹೊಸ ಏರ್‌ಪೋರ್ಟಿನ ಕರಾರು 2004ರಲ್ಲೇ ಆಗಿತ್ತು, ಅದು ಶುರುವಾದರೆ ಹಳೆಯದರಿಂದ ಪ್ಯಾಸೆಂಜರ್ ವಿಮಾನ ಹಾರುವಂತಿಲ್ಲ ಅಂತ ಪೇಪರಿನವರೂ ಬರೆಯುತ್ತಿದ್ದರು. ಆದರೆ ನಮ್ಮ ಸ್ಟ್ಯಾಂಡಿನಲ್ಲಿ ಬೇರೆ ಮಾತು. "ಊರ ನಡುವಿನ ಏರ್‌ಪೋರ್ಟ್ ಯಾರು ಮುಚ್ಚತಾರ? ಎರಡೂ ನಡೀತಾವ." ಆ ಮಾತಿನ ಮೇಲೆ 2007ರಲ್ಲಿ ಊರಿನ ಕಡೆಯ ಒಂದು ಪತಸಂಸ್ಥೆಯಲ್ಲಿ ಅಪ್ಪನ ಹೊಲ ಒತ್ತಿ ಇಟ್ಟು ಇಂಡಿಕಾ ಕೊಂಡೆ. ಅಪ್ಪನಿಗೆ ಹೇಳಿದ್ದು ಅರ್ಧ ಮಾತ್ರ. ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಆತ ಕೇಳಿದ್ದು ಒಂದೇ: "ವಿಮಾನ ದಿನಾ ಬರ್ತಾವೇನು?" "ದಿನಾ ಬರ್ತಾವಪ್ಪಾ" ಅಂದೆ.

2008ರ ಮಾರ್ಚಿನಲ್ಲಿ ಹೈದರಾಬಾದಿನ ಬೇಗಂಪೇಟೆ ಮುಚ್ಚಿತು. ಆಗ ಎದೆ ಝಲ್ಲೆಂದಿತು. ಏರ್‌ಪೋರ್ಟ್ ನೌಕರರು ದೇಶದ ತುಂಬ ಮುಷ್ಕರ ಮಾಡಿದರು, ಕೆಲವರು ಕೋರ್ಟಿಗೂ ಹೋದರು. ಬೆಂಗಳೂರಿನ ತಾರೀಖು ಒಂದೆರಡು ಸಲ ಮುಂದಕ್ಕೆ ಹೋಯಿತು, ನಾವೆಲ್ಲ ಅದನ್ನೇ ಗೆಲುವು ಅಂದುಕೊಂಡೆವು.

ಮೇ 23, ಶುಕ್ರವಾರ ರಾತ್ರಿ ಮುಗಿಯಿತು. ಕರ್ನಾಟಕದ ಚುನಾವಣೆ ಫಲಿತಾಂಶಕ್ಕೆ ಎರಡೇ ದಿನ ಉಳಿದಿತ್ತು, ಊರೆಲ್ಲ ಅದೇ ಮಾತು. ನಾನು ಕಡೆಯ ಬಾಡಿಗೆ ಇಳಿಸಿ ಮನೆಗೆ ಬಂದೆ. ಕಾಕಾ ಕಟ್ಟೆಯ ಮೇಲೇ ಇದ್ದ. ಇಬ್ಬರೂ ಮಾತಾಡದೆ ಕೂತೆವು. ಒಂದು ವಿಮಾನ ಎದ್ದಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಇಲ್ಲ. ಇಪ್ಪತ್ತು ವರ್ಷ ಆ ಸಪ್ಪಳದಲ್ಲೇ ಮಲಗಿದವನಿಗೆ ಆವತ್ತು ನಿದ್ದೆ ಬರಲಿಲ್ಲ. ಮುಂಜಾನೆ ಫ್ಯಾಕ್ಟರಿಯ ಸೈರನ್ ಮಾತ್ರ ದಿನದಂತೆ ಕೂಗಿತು.

ನಾನು ಹೇಳಿದ್ದನಲ್ಲ ಅಂತ ಕಾಕಾ ಆವತ್ತೂ ಅನ್ನಲಿಲ್ಲ, ಮುಂದೆ ಯಾವತ್ತೂ ಅನ್ನಲಿಲ್ಲ.

ದೇವನಹಳ್ಳಿ ಅಲ್ಲಿಂದ ಸುಮಾರು 40 ಕಿಲೋಮೀಟರ್. ಹೊಸ ಕಡೆ ದೊಡ್ಡ ಕಂಪನಿಗಳ ಗಾಡಿ. ಒಂದು ವರ್ಷ ಅಲ್ಲಿ ಇಲ್ಲಿ ಓಡಿಸಿದೆ. ಏರ್‌ಪೋರ್ಟ್ ರೋಡಿಗೆ ಜನ 'ಹಳೇ ಏರ್‌ಪೋರ್ಟ್ ರೋಡ್' ಅನ್ನಲಿಕ್ಕೆ ಹತ್ತಿದರು. ಕಂತು ಮೂರು ತಿಂಗಳು ತುಂಬಲಿಲ್ಲ, ಪತಸಂಸ್ಥೆಯ ಮನುಷ್ಯ ನಮ್ಮ ಮನೆಯ ಬಾಗಿಲಿಗೆ ಬಂದು ಅಪ್ಪನಿಗೆ ನಾಲ್ಕು ಮಂದಿಯ ಮುಂದೆ ಮಾತಾಡಿದ. ಅಪ್ಪ ಫೋನಿನಲ್ಲಿ ಅಂದದ್ದು "ಗಾಡಿ ತಗೊಂಡು ಊರಿಗೆ ಬಾ" ಅಂತ ಅಷ್ಟೇ.

2009ರಲ್ಲಿ ಬಂದೆ. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ ದಾಟಿ ಒಬ್ಬನೇ. ಮಿರಜಿನಲ್ಲಿ ದವಾಖಾನೆಗೆ ಬರುವ ಮಂದಿಗೆ ಕೊರತೆಯಿಲ್ಲ, ಗಾಡಿ ನಡೆಯಿತು. ಸಾಲ ತೀರಲು ಐದು ವರ್ಷ ಬೇಕಾಯಿತು. ಹೊಲದ ಕಾಗದ ಕೈಗೆ ಬಂದಾಗ ಅಪ್ಪ ಇದ್ದ, ಅದೊಂದು ದೊಡ್ಡ ಸಮಾಧಾನ. ಕಾಗದವನ್ನು ತಲೆಕೆಳಗು ಹಿಡಿದು ಬಹಳ ಹೊತ್ತು ನೋಡಿದ, ಆತನಿಗೆ ಓದಲು ಬರುತ್ತಿರಲಿಲ್ಲ.

ಈಗ ಸಾಂಗಲಿಯ ಹತ್ತಿರ ಕವಲಾಪೂರದಲ್ಲಿ ವಿಮಾನ ಇಳಿಯುವ ಜಾಗ ಇದೆ, ಅಲ್ಲಿ ಏರ್‌ಪೋರ್ಟ್ ಆಗಬೇಕು ಅಂತ ಮರಾಠಿ ಪೇಪರಿನಲ್ಲಿ ಆಗಾಗ ಬರುತ್ತದೆ. ಸ್ಟ್ಯಾಂಡಿನ ಹುಡುಗರು ನನ್ನನ್ನು ಕೇಳುತ್ತಾರೆ, "ಮಾಮಾ, ಆದರ ಗಾಡಿ ತಗೊಳ್ಳೋಣೇನು?" ಮೊದಲು ಜಾಗ ಯಾರದು ಅಂತ ಕೇಳ್ರಿ ಅನ್ನುತ್ತೇನೆ.

ಕಾಕಾನನ್ನು ಕಡೆಯ ಸಲ ನೋಡಿದ್ದು 2016ರಲ್ಲಿ. ಆತನಿಗೆ 80, ಕಿವಿ ಮಂದ. ಸಂಜೆ ಅದೇ ಕಟ್ಟೆಯ ಮೇಲೆ ಕೂತಿದ್ದೆವು. ಧಾವಪಟ್ಟಿ ಕಡೆಯಿಂದ ಒಂದು ಹೆಲಿಕಾಪ್ಟರ್ ಎದ್ದು ನಮ್ಮ ತಲೆಯ ಮೇಲೆ ಹೋಯಿತು. ಕಾಕಾ ಕೈಯನ್ನು ಹುಬ್ಬಿಗೆ ಹಚ್ಚಿ ಮೇಲೆ ನೋಡಿದ.

"ಯಾವುದೋ ಅದು, ಪ್ಯಾಸೆಂಜರಾ?"

"ಅಲ್ಲ ಕಾಕಾ, ನಿಮ್ಮ ಫ್ಯಾಕ್ಟರೀದು."

"ನಮ್ಮದಾ?" ಅಂತ ಆತ ಅದು ಕಣ್ಣಿಗೆ ಮರೆಯಾಗುವ ತನಕ ನೋಡಿದ. ಚಹಾ ಆರಿಹೋಗಿತ್ತು. ನಾನು ಒಳಗೆ ಹೋಗಿ ಮತ್ತೆ ಕಾಸಿಕೊಂಡು ಬಂದೆ.