ಸೀರೆ, ಚಕ್ರ ಮತ್ತು ಎರಡು ಬೋಲ್ಟು
ಇಳಕಲ್ಲಿನ ಪೇಟೆಯಲ್ಲಿ ಬೈಕಿನ ಹಿಂದೆ ಎಡಕ್ಕೆ ಕಾಲು ಇಳಿಬಿಟ್ಟು ಕುಳಿತ ಹೆಣ್ಣುಮಕ್ಕಳನ್ನು ನೋಡಿಯೇ ಇರುತ್ತೀರಿ. ಉಟ್ಟಿದ್ದು ಇಳಕಲ್ ಸೀರೆ. ಒಡಲಿಗೆ ಕೊಂಡಿ ಹಾಕಿ ಜೋಡಿಸಿದ ಕೆಂಪು ಸೆರಗು. ಅದು ಚಕ್ರದ ಕಡ್ಡಿಗೆ ಸಿಕ್ಕರೆ ಹೋಗುವುದು ಸೀರೆ ಮಾತ್ರವಲ್ಲ, ಉಟ್ಟವರೂ ರಸ್ತೆಗೆ ಬೀಳುತ್ತಾರೆ. ಹಿಂದೆ ಕೂರುವವರಿಗೆ ಹಿಡಿಕೆ, ಫುಟ್‌ರೆಸ್ಟು, ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ಗಾರ್ಡು ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ.

ಬಾದಾಮಿಗೆ ಹೊರಟಾಗ ನಮ್ಮ ಮನೆಯವರಿಗಾಗಿ ಹುನಗುಂದದಲ್ಲಿ ಉದ್ದನೆಯ ಫುಟ್‌ರೆಸ್ಟು ಹಾಕಿಸಿದೆ. “ಒಂದ ಬೋಲ್ಟ್ ಸಾಕ್ರೀ ಸರ” ಎಂದ ಮಿಸ್ತ್ರಿ. ಹತ್ತನೆಯ ತರಗತಿಯವರು ಲೆಕ್ಕ ಹಾಕಲಿ: 50 ಕಿಲೋ ತೂಕದವರು ಹತ್ತುವಾಗ ಬೋಲ್ಟಿನಿಂದ 20 ಸೆಂ.ಮೀ. ಹಿಂದೆ ಕಾಲೂರಿದರೆ ಬಲ ಸುಮಾರು 500 ನ್ಯೂಟನ್, ತಿರುಗಿಸುವ ಪರಿಣಾಮ 100 ನ್ಯೂಟನ್-ಮೀಟರ್! ಬೋಲ್ಟು ಒಂದೇ ಆದರೆ ಅದನ್ನು ತಡೆಯುವುದು ಬರಿಯ ಘರ್ಷಣೆ. ಎರಡಿದ್ದರೆ ಪಟ್ಟಿ ತಿರುಗಲು ಜಾಗವೇ ಇಲ್ಲ. ಎರಡು ಹಾಕಿಸಿದೆ, ಸ್ಪ್ರಿಂಗ್ ವಾಷರ್ ಸಮೇತ. ಮಿಸ್ತ್ರಿ ನಕ್ಕ, ನಗಲಿ.

ಅಮೀನಗಡದಲ್ಲಿ ಕರದಂಟು ಕೊಂಡು ಐಹೊಳೆ, ಪಟ್ಟದಕಲ್ಲು ದಾಟಿ ಬಾದಾಮಿ ಸೇರಿದೆವು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ. ಮೆಟ್ಟಿಲು ಹತ್ತುವ ಮೊದಲು ನಟ್ಟುಗಳನ್ನು ಮುಟ್ಟಿ ನೋಡಿದೆ, ಅಲುಗಿರಲಿಲ್ಲ.