ಯಾವ ಕಾಲದ ಕೋಲಾರ?



ನಮ್ಮ ಕಾಲೇಜಿನಲ್ಲಿ ಕ್ರಿಕೆಟ್ ಆಡುವವರಿದ್ದಾರೆ, ಕೇರಂ ಆಡುವವರಿದ್ದಾರೆ. ನಾವು ಐದು ಜನ ಆಡುವ ಆಟಕ್ಕೆ ಮೈದಾನವೂ ಬೇಡ, ಬೋರ್ಡೂ ಬೇಡ. ಶನಿವಾರ ಕ್ಲಾಸು ಮುಗಿದ ಮೇಲೆ ಎರಡು ಗಂಟೆ ಕೂತರೆ ಸಾಕು. ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಇಂಥ ಆಟಗಳ ತಾಯಿ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. "ಕೋಟೆ ಬಾಗಿಲು ಮುಚ್ಚಿದೆ, ಕತ್ತಲಾಗುತ್ತಿದೆ, ಏನು ಮಾಡ್ತೀರಿ?" ಎಂದು ಕಥೆಗಾರ ಕೇಳಿದರೆ ಉತ್ತರ ಹೇಳಬೇಕಾದವರು ನಾವು. ನಮ್ಮ ಉಪಾಯ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳಬೇಕು. ನಮ್ಮಲ್ಲಿ ಒಬ್ಬರ ಮನೆಯಲ್ಲಿ ದಾಳ ಮುಟ್ಟುವುದನ್ನು ಒಪ್ಪುವುದಿಲ್ಲ. ಹಾಗಾಗಿ 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿ ಎತ್ತುತ್ತೇವೆ. ಆಟಕ್ಕೆ ಏನೂ ಕೊರತೆಯಾಗಿಲ್ಲ.

ಮೊದಲು ಚಿಕ್ಕ ಚಿಕ್ಕ ಕಥೆಗಳನ್ನು ಆಡುತ್ತಿದ್ದೆವು. ಈ ವರ್ಷ ಒಂದೇ ದೊಡ್ಡ ಕಥೆಯನ್ನು ಪರೀಕ್ಷೆ ಬರುವವರೆಗೂ ಎಳೆಯೋಣ ಎಂದುಕೊಂಡೆವು. ಕಥೆ ನಮ್ಮ ಜಿಲ್ಲೆಯಲ್ಲೇ ನಡೆಯಬೇಕು, ಅದರಲ್ಲಿ ಜಿನ್ನುಗಳೂ ಮಾತಾಡುವ ಹದ್ದುಗಳೂ ಇರಬೇಕು ಎಂಬುದರಲ್ಲಿ ಎಲ್ಲರಿಗೂ ಒಪ್ಪಿಗೆ. ಆದರೆ ಯಾವ ಕಾಲ? ಅಲ್ಲಿ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. ಆಡಲು ಶುರು ಮಾಡುವ ಮೊದಲೇ ಮೂರು ಶನಿವಾರ ವಾದದಲ್ಲೇ ಕಳೆದವು. ಆ ವಾದದ ಬಗ್ಗೆಯೇ ಬರೆಯಬೇಕೆನಿಸಿತು.

ಮಾಲೂರಿನ ಗೆಳೆಯ ಗಂಗರ ಕಾಲ ಎಂದ. ಕೋಲಾರ ಆಗ ಕುವಲಾಲ. ಗಂಗರು ರಾಜಧಾನಿಯನ್ನು ತಲಕಾಡಿಗೆ ಸಾಗಿಸಿದ ಮೇಲೂ ‘ಕುವಲಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ನಮ್ಮೂರಿಗೆ ಅಷ್ಟು ಬೆಲೆ ಇತ್ತೆಂದು ಕೇಳಿದರೆ ಯಾರಿಗೆ ಹೆಮ್ಮೆಯಾಗುವುದಿಲ್ಲ? ಆದರೆ ಆಗಿನ ಜನ ಸಂತೆಯಲ್ಲಿ ಏನು ಕೊಳ್ಳುತ್ತಿದ್ದರು, ಹೇಗೆ ಜಗಳವಾಡುತ್ತಿದ್ದರು ಎಂದು ಹುಡುಕಲು ಹೊರಟರೆ ನಮ್ಮ ಕೈಗೆ ಸಿಕ್ಕಿದ್ದು ಕಡಿಮೆ. ಎಲ್ಲವನ್ನೂ ನಾವೇ ಕಟ್ಟಿಕೊಳ್ಳಬೇಕಾದರೆ ಅದು ಕೋಲಾರವೇ ಆಗಬೇಕೆಂದೇನಿದೆ? ನನ್ನ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ನಾನು ಚಿನ್ನದ ಗಣಿಯ ಕಾಲ ಎಂದೆ. 1902ರಲ್ಲಿ ಶಿವನಸಮುದ್ರದಿಂದ ಕೆ.ಜಿ.ಎಫ್.ಗೆ ವಿದ್ಯುತ್ ಬಂತು. ನೆಲದಡಿ 3 ಕಿ.ಮೀ.ಗೂ ಹೆಚ್ಚು ಆಳದ ಸುರಂಗಗಳು. ಅದ್ಭುತ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ? ಆಳದಲ್ಲಿ ಒಂದು ರಾಕ್ಷಸನನ್ನು ಮಲಗಿಸಿದರೆ ಸಾಕು! ನಮ್ಮ ಗುಂಪಿನಲ್ಲಿ ಕೆ.ಜಿ.ಎಫ್. ಕಡೆಯಿಂದ ಬರುವ ಗೆಳತಿಯೊಬ್ಬಳಿದ್ದಾಳೆ. ಅವಳ ಅಜ್ಜ ಗಣಿಯಲ್ಲಿ ಕೆಲಸ ಮಾಡಿದವರು. ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ, ಅಂದರೆ ನಾವು ಹುಟ್ಟುವ ಸ್ವಲ್ಪ ಮೊದಲು. ಅವಳು ಸಿಟ್ಟು ಮಾಡಲಿಲ್ಲ. "ಅಜ್ಜ ದಿನಾ ಇಳಿದ ಕತ್ತಲೆ ಅದು. ಅವರಿಗೆ ಆ ಕತ್ತಲೆಯೇ ಸಾಕಾಗಿತ್ತು. ಅದರಲ್ಲಿ ರಾಕ್ಷಸನನ್ನು ಬೇರೆ ಕೂರಿಸೋದು ಬೇಡ" ಎಂದಳಷ್ಟೆ. ಗಣಿಯ ಮಾತನ್ನು ಅಲ್ಲಿಗೇ ಬಿಟ್ಟೆವು. ನೆನಪಿಟ್ಟುಕೊಂಡವರು ಇನ್ನೂ ಮನೆಯಲ್ಲಿರುವ ಕಾಲದೊಳಗೆ ಆಟಕ್ಕೆ ಹೋಗಬೇಕಾದರೆ ಅವರನ್ನು ಕೇಳಿಯೇ ಹೋಗಬೇಕು.

ಮುಳಬಾಗಿಲಿನ ಗೆಳೆಯನದು ಒಂದೇ ಹಟ, 1768. ಅವನಿಗೆ ಕಾರಣವೂ ಇದೆ. ಆ ವರ್ಷ ಮುಳಬಾಗಿಲು ಕೋಟೆ ಇಂಗ್ಲಿಷರ ಕೈಗೆ ಹೋಗಿ ಮತ್ತೆ ಹೈದರಾಲಿಯ ಕೈಗೆ ಬಂತು. ಅಕ್ಟೋಬರಿನಲ್ಲಿ ಅಲ್ಲಿಯೇ ಘೋರ ಕದನ ನಡೆಯಿತು. ಹೈದರ್ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮೊಹಮ್ಮದರ ಸಮಾಧಿ ಕೋಲಾರದ ಮಖ್ಬರಾದಲ್ಲಿದೆ, ನಮ್ಮಲ್ಲಿ ಎಷ್ಟೋ ಜನ ದಿನಾ ಅದರ ಪಕ್ಕದಲ್ಲೇ ಓಡಾಡುತ್ತೇವೆ. ಮೊದಲ ಸಲ ಕೇಳಿದಾಗ ಎಲ್ಲರ ಕಣ್ಣೂ ಹೊಳೆದವು. ಆದರೆ ಒಂದು ಶನಿವಾರ ಪರೀಕ್ಷೆಗೆಂದು ಆಡಿ ನೋಡಿದಾಗ ತೊಂದರೆ ಗೊತ್ತಾಯಿತು. ಎಲ್ಲರಿಗೂ ಹೈದರನ ಸವಾರನೇ ಆಗಬೇಕು, ಇನ್ನೊಂದು ಪಕ್ಷಕ್ಕೆ ಯಾರೂ ಸಿದ್ಧರಿಲ್ಲ. ನಾವು ಏನೇ ಮಾಡಿದರೂ 1769ರಲ್ಲಿ ಮದ್ರಾಸ್ ಒಪ್ಪಂದ ಆಗಿಯೇ ಆಗುತ್ತದೆ. ಮುಗಿವು ಗೊತ್ತಿರುವ ಕಥೆಯಲ್ಲಿ ಚೀಟಿ ಎತ್ತುವುದು ಯಾಕೆ? ಅಷ್ಟು ದೊಡ್ಡ ನಾಯಕ ಕಥೆಯಲ್ಲಿದ್ದರೆ ನಾವು ಅವನ ಕುದುರೆ ಹಿಡಿದು ನಿಲ್ಲುವುದಷ್ಟೇ ಕೆಲಸ. ಮೇಲಾಗಿ ಆ ಹೆಸರುಗಳು ಇವತ್ತಿಗೂ ಹೊರಗೆ ಜಗಳ ಹಚ್ಚುತ್ತವೆ. ಶನಿವಾರದ ಎರಡು ಗಂಟೆಯೊಳಗೆ ಆ ಜಗಳವನ್ನು ತರುವುದು ನಮಗೆ ಬೇಡವಾಗಿತ್ತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಹಿಂದೆ ಹಿಂದೆ ಹೋದಂತೆ ನನ್ನಂಥವರು ಅಲ್ಲಿ ಇರುತ್ತೇವೆಯೇ? ಆಟದಲ್ಲಿ ಯಾವ ಪಾತ್ರವನ್ನಾದರೂ ಮಾಡಬಹುದು, ನಿಜ. ಆದರೂ ನಮ್ಮ ಊರಿನ ಹಳೆಯ ಕಾಲಕ್ಕೆ ನಾನು ಬೇರೆ ಯಾರೋ ಆಗಿಯೇ ಹೋಗಬೇಕು ಎಂದಾಗ ಮನಸ್ಸಿಗೆ ಒಂಥರಾ ಆಗುತ್ತದೆ. ಇದನ್ನು ಜೋರಾಗಿ ಹೇಳಲು ನನಗೆ ಸಂಕೋಚವಿತ್ತು. ಕೇಳಿದ್ದು ಶ್ರೀನಿವಾಸಪುರದ ಗೆಳತಿ: "ನಿಮ್ಮವರು ಯಾವಾಗಿಂದ ಇದ್ದಾರೋ ಅಲ್ಲಿಂದ ಶುರು ಮಾಡೋಣ, ಆಗ ಐದು ಜನಕ್ಕೂ ಜಾಗ ಇರುತ್ತೆ." ಅವಳು ಅದನ್ನು ಟೈಮ್ ಟೇಬಲ್ ಹೊಂದಿಸುವಷ್ಟು ಸಲೀಸಾಗಿ ಹೇಳಿದಳು. ಅವತ್ತು ಸಂಜೆಯಿಂದ ಲೈಬ್ರರಿಯಲ್ಲಿ ಹುಡುಕಲು ಕೂತೆ.

ನಾನು ಅಂದುಕೊಂಡಿದ್ದಕ್ಕಿಂತ ಬಹಳ ಹಿಂದೆಯೇ ಉತ್ತರ ಸಿಕ್ಕಿತು. ವಿಜಯನಗರದ ಎರಡನೇ ದೇವರಾಯನ ಸೈನ್ಯದಲ್ಲಿ ಮುಸ್ಲಿಂ ಬಿಲ್ಲುಗಾರರೂ ಸವಾರರೂ ಇದ್ದರು. ಅವನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಹಂಪೆಯಲ್ಲಿ ಒಂದು ಮಸೀದಿ ಕಟ್ಟಿಸಿದ. ಅದರ ಶಾಸನ ಇರುವುದು ಕನ್ನಡದಲ್ಲಿ, ಅದು ಆ ಕಟ್ಟಡವನ್ನು ‘ಧರ್ಮಸಾಲೆ’ ಎಂದು ಕರೆಯುತ್ತದೆ. ಅದೇ ದೇವರಾಯನ ಕಾಲದಲ್ಲಿ ಮುಳಬಾಗಿಲು ಒಂದು ರಾಜ್ಯದ ಕೇಂದ್ರ, ಮುಳುವಾಯಿ ರಾಜ್ಯ. ಅದನ್ನು ಆಳುತ್ತಿದ್ದವನು ಲಕ್ಕಣ್ಣ ದಂಡೇಶ, ‘ಶಿವತತ್ತ್ವ ಚಿಂತಾಮಣಿ’ ಬರೆದ ಕವಿಯೂ ಅವನೇ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಾಗ ದಣ್ಣಾಯಕನೊಬ್ಬ ಸಿಂಹಳದ ಕಡೆಗೆ ದಂಡೆತ್ತಿ ಹೋಗಿದ್ದನೆಂದು ಬರೆದಿದ್ದಾನೆ. ಅವನೇ ಲಕ್ಕಣ್ಣ ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಇದನ್ನು ಓದಿ ಹೇಳಿದಾಗ ನಮ್ಮ ಕಥೆಗಾರ ಮೇಜು ತಟ್ಟಿದ. "ಯಜಮಾನ ಊರಲ್ಲಿಲ್ಲ! ಇನ್ನೇನು ಬೇಕು?" ದೊಡ್ಡವನು ಸಮುದ್ರದಾಚೆ ಹೋಗಿದ್ದಾನೆ, ಊರಿನಲ್ಲಿ ಏನಾದರೂ ಆದರೆ ಸಣ್ಣವರೇ ನೋಡಿಕೊಳ್ಳಬೇಕು. ಹೀಗೆ 1443 ನಿಶ್ಚಯವಾಯಿತು.

ಆಮೇಲೆ ಶುರುವಾದದ್ದು ಅಳಿಸುವ ಕೆಲಸ. ಮೊದಲು ಹೋದದ್ದು ಟೊಮೇಟೊ! ಕೋಲಾರದಿಂದ ಟೊಮೇಟೊ ತೆಗೆದರೆ ಉಳಿಯುವುದೇನು ಎಂದು ನಕ್ಕೆವು. ಆದರೆ ಟೊಮೇಟೊ, ಆಲೂಗಡ್ಡೆ, ಹಸಿಮೆಣಸು, ಕಡಲೆಕಾಯಿ, ಸೀಬೆ ಎಲ್ಲವೂ ಅಮೆರಿಕ ಖಂಡದಿಂದ ಬಂದವು, ಕೊಲಂಬಸ್ ಹೊರಟಿದ್ದೇ 1492ರಲ್ಲಿ. ನೀಲಗಿರಿ ತೋಪುಗಳನ್ನೂ ಕಿತ್ತೆವು, ಅವು ಆಸ್ಟ್ರೇಲಿಯಾದ ಮರಗಳು. ಉಳಿದದ್ದು ರಾಗಿ, ಹುಣಸೆ, ಅವರೆ, ಹುರುಳಿ, ಕಾಳುಮೆಣಸು, ಮಾವು. ಮಾವು ಉಳಿಯಿತೆಂದು ಶ್ರೀನಿವಾಸಪುರದವಳು ಚಪ್ಪಾಳೆ ತಟ್ಟಿದಳು, ಆದರೆ ಅವಳ ಊರಿನ ಹೆಸರೇ ಹೋಯಿತು. ಆ ಹೆಸರು ದಿವಾನ್ ಪೂರ್ಣಯ್ಯ ತಮ್ಮ ಮಗನ ಹೆಸರಿನಿಂದ ಇಟ್ಟದ್ದು, ಹಿಂದೆ ಅದು ಪಾಪನಪಲ್ಲಿ. ಬೋರ್‌ವೆಲ್ ಹೋದ ಮೇಲೆ ಕೆರೆಯೇ ಎಲ್ಲರ ಜೀವ. ಕೆರೆ ಒಡೆದರೆ ರಾಜನಿಗಿಂತ ಮೊದಲು ಓಡಬೇಕಾದವರು ಊರಿನವರು. ಬಸ್ಸು ಹೋದ ಮೇಲೆ ಕೋಲಾರದಿಂದ ಮುಳಬಾಗಿಲಿಗೆ ಸುಮಾರು 30 ಕಿ.ಮೀ. ಪೂರ್ತಿ ಒಂದು ಹಗಲಿನ ದಾರಿಯಾಯಿತು. ನಮ್ಮ ಮನೆಯ ಉರ್ದು ಕೂಡ ಆಗ ಈಗಿನ ರೂಪದಲ್ಲಿ ಇರಲಿಲ್ಲ, ಆದ್ದರಿಂದ ನನ್ನ ಪಾತ್ರ ಸಂತೆಯಲ್ಲಿ ಕನ್ನಡ, ತೆಲುಗು ಮಾತಾಡುತ್ತದೆ.

ಒಂದು ನಿಯಮವನ್ನು ಐದು ಜನವೂ ಕೂತು ಮಾಡಿಕೊಂಡೆವು. ಮುಳಬಾಗಿಲೆಂದರೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ, ಪಟ್ಟಣದಲ್ಲಿ ಹೈದರ್ ವಲಿ ಬಾಬಾರ ದರ್ಗಾ. ಯಾರೂ ನಂಬಿ ಕೈಮುಗಿಯುವ ಅಥವಾ ದುವಾ ಕೇಳುವ ಹೆಸರನ್ನು ನಮ್ಮ ಮಾಯಾಜಾಲದೊಳಗೆ ತರುವಂತಿಲ್ಲ. ಜಿನ್ನು ಬೇಕಾದರೆ ನಾವೇ ಕಟ್ಟಿದ ಹಾಳು ಮಂಟಪದಲ್ಲಿ ಇರಲಿ. ಅಮೀರ್ ಹಮ್ಜಾನ ದಾಸ್ತಾನ್‌ನಲ್ಲಿ ಬೇಕಾದಷ್ಟು ಮಾಯೆ, ದೈತ್ಯರು, ಜಾದೂಗಾರರು ಇದ್ದಾರೆ. ಅಕ್ಬರ್ ಆ ಕಥೆಗೆ ಸುಮಾರು 1400 ಚಿತ್ರಗಳನ್ನೇ ಬರೆಸಿದ. ನಮಗೆ ಸಾಲ ತೆಗೆದುಕೊಳ್ಳಲು ಅದು ಧಾರಾಳವಾಯಿತು.

ಈಗ ಆಟ ಸಾಗಿದೆ. ನಾನು ದಂಡಿನ ಕುದುರೆಗಳಿಗೆ ಮದ್ದು ಮಾಡುವವರ ಮನೆಯ ಮಗು. ಮಾಲೂರಿನವನು ಕೆರೆ ತೂಬು ಕಾಯುವವನು. ಮುಳಬಾಗಿಲಿನವನು ಕೋಟೆಯ ಕಾವಲುಗಾರ, ಕೊನೆಗೂ ಅವನಿಗೆ ಕೋಟೆ ಸಿಕ್ಕಿತು. ಕೆ.ಜಿ.ಎಫ್. ಗೆಳತಿ ಹಳ್ಳದ ಮರಳು ತೊಳೆದು ಚಿನ್ನದ ಕಣ ಹುಡುಕುವವಳು. ಇದನ್ನು ಅವಳೇ ಆರಿಸಿಕೊಂಡಳು, ಅಜ್ಜನಿಗೂ ಹೇಳಿದ್ದಾಳಂತೆ. ಶ್ರೀನಿವಾಸಪುರದವಳು ಕಥೆಯ ಅರ್ಧದಲ್ಲಿ ಕಥೆಗಾರನ ಜಾಗಕ್ಕೆ ಬರುತ್ತಾಳೆ, ಆಗ ಅವನು ಪಾತ್ರವಾಗುತ್ತಾನೆ. ಅಲ್ಲಿಯವರೆಗೆ ಅವಳ ಪಾಲಿನ ಮಾತಾಡುವ ಹದ್ದು ನಮ್ಮೆಲ್ಲರಿಗೂ ಬುದ್ಧಿ ಹೇಳುತ್ತಿದೆ.

ನೀವೂ ಇಂಥ ಆಟ ಶುರು ಮಾಡುವುದಾದರೆ ಯುದ್ಧ ಎಷ್ಟು ದೊಡ್ಡದು ಎಂಬುದನ್ನು ಕಡೆಗೆ ನೋಡಿ. ಆ ಕಾಲದಲ್ಲಿ ನಿಮ್ಮ ಗುಂಪಿನ ಎಲ್ಲರಿಗೂ ನಿಲ್ಲಲು ಜಾಗ ಇದೆಯೇ, ಮುಂದೇನಾಗುತ್ತದೆಂದು ಗೊತ್ತಿಲ್ಲದ ಒಂದು ಸಂದು ಇದೆಯೇ, ಯಾರ ಮನೆಯ ನೋವನ್ನಾದರೂ ತುಳಿಯುತ್ತಿದ್ದೀರಾ ಎಂದು ಮೊದಲು ಕೇಳಿಕೊಳ್ಳಿ. ಶನಿವಾರ ಕ್ಲಾಸು ಬಿಟ್ಟ ಮೇಲೆ ನಮ್ಮ ಮೇಜಿನ ಹತ್ತಿರ ಬಂದು ನೋಡಲೂಬಹುದು. ಡಬ್ಬಿಯಲ್ಲಿ ಇಪ್ಪತ್ತು ಚೀಟಿ ಇವೆ, ಬೆಂಚಿನಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ.