ಎತ್ತುವಾಗ, ಇಡುವಾಗ

ಜೈನ ಮುನಿಗಳ ಆಚಾರದಲ್ಲಿ ಐದು ಸಮಿತಿಗಳಿವೆ: ಈರ್ಯಾ, ಭಾಷಾ, ಏಷಣಾ, ಆದಾನ-ನಿಕ್ಷೇಪಣ ಮತ್ತು ಉತ್ಸರ್ಗ. ನಡೆಯುವುದರಲ್ಲಿ, ನುಡಿಯುವುದರಲ್ಲಿ, ಆಹಾರ ಸ್ವೀಕರಿಸುವುದರಲ್ಲಿ, ವಸ್ತುವನ್ನು ಎತ್ತಿ ಇಡುವುದರಲ್ಲಿ, ದೇಹದ ಮಲಗಳನ್ನು ವಿಸರ್ಜಿಸುವುದರಲ್ಲಿ ಇರಬೇಕಾದ ಎಚ್ಚರವೇ ಸಮಿತಿ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಇವನ್ನು ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸುತ್ತದೆ. ಕಮಂಡಲವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ಇಡುವ ಮೊದಲು ಮುನಿಗಳು ಸ್ಥಳವನ್ನು ಕಣ್ಣಿಂದ ನೋಡಿ, ನವಿಲುಗರಿಯ ಪಿಂಛಿಯಿಂದ ಮೃದುವಾಗಿ ಒರಸುವುದು ನಾಲ್ಕನೆಯ ಸಮಿತಿಯ ಪಾಲನೆ. ಇದರ ಕುರಿತು ನಾನು ಹಲವು ಉಪನ್ಯಾಸಗಳನ್ನು ಕೊಟ್ಟಿದ್ದೇನೆ. ಆದರೆ ನನ್ನ ಕೈ ಆ ಪಾಠವನ್ನು ಕಲಿತಿರಲಿಲ್ಲವೆಂಬುದು ಗೊತ್ತಾದದ್ದು ಕುರುಗೋಡಿನ ಸಮೀಪ, ಹಳೆಯ ವ್ಯಾನೊಂದರ ಸ್ಪಾರ್ಕ್ ಪ್ಲಗ್ ಬದಲಿಸಲು ಹೋದಾಗ.

1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು, ಮುಂದೆ ಓಮ್ನಿಯಾಗಿ, 2019ರವರೆಗೂ ತಯಾರಾದ ಆ ವಾಹನವನ್ನು ನಮ್ಮ ಸೀಮೆಯಲ್ಲಿ ಕಾಣದವರಿಲ್ಲ. ಶಾಸನ, ವೀರಗಲ್ಲುಗಳನ್ನು ಹುಡುಕಿಕೊಂಡು ಬಳ್ಳಾರಿಯಿಂದ ಹಳ್ಳಿಗಳಿಗೆ ತಿರುಗುವ ನನಗೆ ಅದೇ ಸಂಗಾತಿ. ಮೂರು ಸಿಲಿಂಡರಿನ, 796 ಸಿಸಿಯ ಅದರ ಎಂಜಿನ್ ಇರುವುದು ಮುಂದಿನ ಆಸನಗಳ ಕೆಳಗೆ. ಬಾನೆಟ್ ಎತ್ತಿ ನಿಂತು ಕೆಲಸ ಮಾಡುವ ಅನುಕೂಲ ಇಲ್ಲಿಲ್ಲ. ಆಸನವನ್ನೆತ್ತಿ, ಬಾಗಿಲಲ್ಲಿ ಮಂಡಿಯೂರಿ, ಕೊಳವೆ ತಂತಿಗಳ ನಡುವೆ ತೋಳು ತೂರಿಸಬೇಕು. ನನ್ನ ವ್ಯಾನಿನ ಒಂದು ಪ್ಲಗ್ಗಂತೂ ಕೈಗೆ ಎಟುಕುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಅಷ್ಟಮಿಯಂದು ತಾಯಿಯವರನ್ನು ಸಿರುಗುಪ್ಪದ ಬಂಧುಗಳ ಮನೆಗೆ ಕರೆದೊಯ್ದಿದ್ದೆ. ಅವರದು ಏಕಾಶನದ ದಿನ. ಹೊರಗೆ ಉಣ್ಣುವವರಲ್ಲ, ಮಧ್ಯಾಹ್ನ ಬಳ್ಳಾರಿಗೆ ಮರಳಿ ಮನೆಯಲ್ಲಿಯೇ ಊಟವೆಂದು ನಿಶ್ಚಯಿಸಿದ್ದೆವು. ಆದರೆ ತುಂಗಭದ್ರೆಯ ದಂಡೆಯ ಊರೊಂದರಲ್ಲಿ ವೀರಗಲ್ಲಿನ ಛಾಯಾಚಿತ್ರ ತೆಗೆಯುತ್ತ ನಾನು ಹೊತ್ತು ಕಳೆದೆ. ಕುರುಗೋಡಿನ ಕಲ್ಲುಬೆಟ್ಟಗಳು ಕಾಣುವ ವೇಳೆಗೆ ಬಿಸಿಲು ಇಳಿದಿತ್ತು. ಆಗಲೇ ಎಂಜಿನ್ ನಡುಗತೊಡಗಿತು. ಮೂರರಲ್ಲಿ ಒಂದು ಸಿಲಿಂಡರ್ ಉರಿಯುತ್ತಿರಲಿಲ್ಲ.

ಸೂರ್ಯಾಸ್ತಕ್ಕೆ ಎರಡು ಗಳಿಗೆ ಮುಂಚೆಯೇ ತಾಯಿ ಚತುರ್ವಿಧ ಆಹಾರವನ್ನು ತ್ಯಜಿಸುವವರು. ಆ ಮೇಲೆ ನೀರೂ ಇಲ್ಲ. ನನ್ನ ಬಳಿ ಹೊಸ ಪ್ಲಗ್ಗುಗಳಿದ್ದವು. ಎಂಜಿನ್ ಆರುವವರೆಗೆ ಕಾಯಬೇಕೆಂದು ತಿಳಿದಿದ್ದರೂ ಕಾಯಲಿಲ್ಲ. ಅಲ್ಯೂಮಿನಿಯಂ ಹೆಡ್ ಕಾದಿರುವಾಗ ಉಕ್ಕಿನ ಪ್ಲಗ್ಗನ್ನು ತಿರುಚಿದರೆ ಮೆತ್ತನೆಯ ಅಲ್ಯೂಮಿನಿಯಮ್ಮಿನ ಥ್ರೆಡ್ಡು ಕಿತ್ತು ಬರುವ ಅಪಾಯವಿದೆ. ಸುತ್ತಲಿನ ಎರೆಮಣ್ಣಿನ ಧೂಳನ್ನು ಊದಲೂ ಇಲ್ಲ. ಎರಡು ಪ್ಲಗ್ಗುಗಳು ಹೇಗೋ ಕೂತವು. ಕಾಣದ ಮೂರನೆಯದು ಓರೆಯಾಗಿ ಕಚ್ಚಿತು. ಕೈ ಬೇಡವೆಂದಿತು, ನಾನು ಪಾನಾ ಹಾಕಿ ಒತ್ತಿದೆ. ಅರ್ಧ ಸುತ್ತು ಹೋಗಿ ಅದು ಅಲ್ಲಿಯೇ ಸಿಕ್ಕಿಕೊಂಡಿತು.

ಬೇವಿನ ಮರದ ಕೆಳಗೆ ಕುಳಿತಿದ್ದ ತಾಯಿ ಇದನ್ನೆಲ್ಲ ನೋಡುತ್ತಿದ್ದರು. "ನನ್ನ ನೇಮಕ್ಕ ನೀ ಯಾಕ ಹಿಂಗ ಓಡ್ತಿಯಪ್ಪಾ? ಹೊತ್ತು ಮುಳುಗಿದ್ರ ನಾಳೆ ಉಣ್ತೀನಿ" ಎಂದರು. ಅನಂತರ ಜಪಮಾಲೆ ಹಿಡಿದರು. ಹೊತ್ತು ಮುಳುಗಿತು.

ಗದ್ದೆಯಿಂದ ಮರಳುತ್ತಿದ್ದ ಟ್ರ್ಯಾಕ್ಟರೊಂದು ನಮ್ಮನ್ನು ಕುರುಗೋಡಿಗೆ ಎಳೆದೊಯ್ದಿತು. ಸಿಂದರ ಶಾಸನಗಳಿಗಾಗಿ ಎಷ್ಟೋ ಸಲ ಬಂದಿದ್ದ ಊರಿನಲ್ಲಿ ಆ ರಾತ್ರಿ ಪರಿಚಿತರ ಮನೆಯ ಜಗುಲಿಯ ಮೇಲೆ ಕಳೆದೆ. ಒಳಗೆ ತಾಯಿ ಹಸಿದೇ ಮಲಗಿದ್ದರು. ಬೆಳಿಗ್ಗೆ ಎರಡು ಗಳಿಗೆ ಕಳೆದ ಮೇಲೆ ಅವರು ನೀರು ಕುಡಿದದ್ದನ್ನು ಕಂಡ ನಂತರವೇ ನಾನು ಗ್ಯಾರೇಜಿಗೆ ಹೋದೆ. ಸ್ವಲ್ಪ ಹೊತ್ತಿನಲ್ಲಿ ಅವರೂ ಬಂದು ಕುಳಿತರು.

ಮೆಕ್ಯಾನಿಕ್ ವಯಸ್ಸಾದವರು. ರಾತ್ರಿಯೆಲ್ಲ ಆರಿದ ಎಂಜಿನ್ನನ್ನು ಮುಟ್ಟಿ ನೋಡಿ, ಮೊದಲು ಸೈಕಲ್ ಪಂಪಿನಿಂದ ಪ್ಲಗ್ಗುಗಳ ಬುಡದ ಧೂಳನ್ನು ಊದಿದರು. ತಂತಿಯನ್ನು ಜಗ್ಗದೆ ಟೊಪ್ಪಿಗೆಯನ್ನೇ ಹಿಡಿದು ಕಳಚಿದರು. "ಒಂದು ಒಳ್ಳೇ ಬಟ್ಟೆ ಇದ್ರೆ ಕೊಡ್ರಮ್ಮಾ" ಎಂದಾಗ ತಾಯಿ ತಮ್ಮ ಚೀಲದಿಂದ ನೀರು ಸೋಸುವ ಇನ್ನೊಂದು ಬಟ್ಟೆಯನ್ನು ತೆಗೆದುಕೊಟ್ಟರು. ಅದರ ಮೇಲೆ ಪ್ಲಗ್ಗುಗಳನ್ನು ಸಿಲಿಂಡರಿನ ಸಾಲಿನಲ್ಲಿಯೇ ಇಟ್ಟರು. ನಾನು ಹಿಂದಿನ ಸಂಜೆ ಬಿಚ್ಚಿದ್ದ ಹಳೆಯವನ್ನೂ ನೋಡಿದರು. ತಿಳಿಕಂದು ಬಣ್ಣವಿದ್ದರೆ ಉರಿ ಸರಿಯಿದೆ, ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಎಣ್ಣೆಪಸೆಯಿದ್ದರೆ ಒಳಗೆ ಸವೆತವಿದೆ. ಲಿಪಿಕಾರನೊಬ್ಬ ಅಕ್ಷರಗಳನ್ನು ಓದುವಂತೆ ಓದಿದರು.

ಆಮೇಲೆ 14 ಮಿಲಿಮೀಟರಿನ ಟ್ಯಾಪಿನ ಸಾಲುಗಳಿಗೆ ಗ್ರೀಸ್ ತುಂಬಿ, ಕಾಲು ಸುತ್ತು ಮುಂದೆ, ಅಷ್ಟೇ ಹಿಂದೆ ತಿರುಗಿಸುತ್ತ ಕೆಟ್ಟ ಥ್ರೆಡ್ಡನ್ನು ತಿದ್ದಿದರು. ಲೋಹದ ಚೂರುಗಳು ಸಿಲಿಂಡರಿಗೆ ಬೀಳದೆ ಗ್ರೀಸಿಗೆ ಅಂಟಿ ಹೊರಬಂದವು. ಪ್ಲಗ್ಗಿಲ್ಲದೆ ಎಂಜಿನ್ನನ್ನು ಕೆಲವು ಸುತ್ತು ತಿರುಗಿಸಿ ಉಳಿದದ್ದನ್ನೂ ಉಸಿರಿನಂತೆ ಹೊರಹಾಕಿಸಿದರು. ಕೊನೆಗೆ ಗೇಣುದ್ದದ ರಬ್ಬರ್ ಕೊಳವೆಯ ತುದಿಗೆ ಪ್ಲಗ್ಗಿನ ಪಿಂಗಾಣಿಯ ತಲೆಯನ್ನು ಸಿಕ್ಕಿಸಿ ಕಾಣದ ರಂಧ್ರಕ್ಕೆ ಇಳಿಸಿದರು. ಮೊದಲು ಹಿಮ್ಮುಖವಾಗಿ ತಿರುಗಿಸಿದರು. ಥ್ರೆಡ್ಡಿನ ಬಾಯಿ ಸಿಕ್ಕಾಗ ಅದು ತುಸು ಕೆಳಗಿಳಿದದ್ದು ಬೆರಳಿಗೆ ತಿಳಿಯಿತು. ಆ ಬಳಿಕವೇ ಮುಮ್ಮುಖ. ಓರೆಯಾದರೆ ಕೊಳವೆಯೇ ಜಾರುತ್ತದೆ, ಬಲಪ್ರಯೋಗಕ್ಕೆ ಅಲ್ಲಿ ಆಸ್ಪದವೇ ಇಲ್ಲ. ತಳ ಮುಟ್ಟಿದ ಮೇಲೆ ಪಾನಾದಿಂದ ಅರ್ಧ ಸುತ್ತು ಮಾತ್ರ.

"ಪಾನಾ ಕೊನೇಗೆ ಬರ್ಬೇಕು ಸಾರ್, ಮೊದ್ಲಲ್ಲ" ಎಂದರು.

ಇದನ್ನು ಸಮಿತಿಯೆಂದು ಕರೆಯಬಹುದೇ? ವಿದ್ಯಾರ್ಥಿಯೊಬ್ಬ ಕೇಳಿದರೆ ನಾನೇ ಆಕ್ಷೇಪ ಎತ್ತಿಯೇನು. ಸಮಿತಿ ಜೀವರಕ್ಷಣೆಗಾಗಿ ಇರುವುದು. ಎಂಜಿನ್ ಅಜೀವ, ಬರಿಯ ಪುದ್ಗಲ. ಅಲ್ಯೂಮಿನಿಯಂ ಗೀರಿದರೆ ಹಿಂಸೆಯಾಗದು. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಹೇಳುವಾಗ ಪ್ರಾಣಕ್ಕಾದ ನೋವಿಗಿಂತ ಮೊದಲು ಪ್ರಮಾದವನ್ನು ಇಡುತ್ತದೆ. ಎಚ್ಚರ ತಪ್ಪಿದ ಮನಸ್ಸು, ಮಾತು, ಮೈಗಳ ವ್ಯಾಪಾರವೇ ಅದಕ್ಕೆ ಮೂಲ. ನನ್ನ ಪ್ರಮಾದ ತೊಡಗಿದ್ದು ಲೋಹದಲ್ಲಿ, ಅದರ ಫಲ ಉಂಡದ್ದು ಒಂದು ಹಗಲು ಒಂದು ರಾತ್ರಿ ಉಪವಾಸವಿದ್ದ ಎಪ್ಪತ್ತು ದಾಟಿದ ಜೀವ. ಅವರ ವ್ರತವನ್ನು ಕಾಪಾಡುವುದಕ್ಕೇ ಅವಸರಪಟ್ಟೆನೆಂದು ನಾನು ನಂಬಿದ್ದೆ. ನಿಜವಾಗಿ ನಾನು ಮುಚ್ಚಿಕೊಳ್ಳಲು ಹೊರಟದ್ದು ವೀರಗಲ್ಲಿನ ಮುಂದೆ ಕಳೆದ ನನ್ನದೇ ಎರಡು ಗಂಟೆಗಳನ್ನು.

ತಾಯಿ ಈಗಿಲ್ಲ. ವ್ಯಾನಿದೆ. ಪ್ಲಗ್ ಬದಲಿಸುವ ದಿನ ಬೆಳಗಿನ ತಂಪಿನಲ್ಲಿ ಆಸನವೆತ್ತುತ್ತೇನೆ, ಧೂಳು ಊದುತ್ತೇನೆ, ಆ ಬಟ್ಟೆಯನ್ನು ಹಾಸುತ್ತೇನೆ. ಅಂದಿನ ಎಣ್ಣೆಯ ಕಲೆಗಳು ಎಷ್ಟು ಒಗೆದರೂ ಹೋಗಿಲ್ಲ. ಅವುಗಳ ಮೇಲೆಯೇ ಒಂದು, ಎರಡು, ಮೂರು ಎಂದು ಪ್ಲಗ್ಗುಗಳನ್ನು ಸಾಲಾಗಿ ಇಡುತ್ತೇನೆ.